ಎದುರಿಗೆ ಬರುವವರು

ಆ ಸಂಜೆ ಬಸವಲಿಂಗಯ್ಯ ತೋಟದಿಂದ ಬಂದಾಗ ಬೈಕಿನ ಹಿಂದೆ ಕಟ್ಟಿದ್ದ ಹಿಪ್ಪುನೇರಳೆ ಸೊಪ್ಪಿನ ಹೊರೆ ಅರ್ಧಕ್ಕರ್ಧ ಖಾಲಿಯಾಗಿತ್ತು. ಪಂಚೆಯ ಒಂದು ಮಗ್ಗುಲೆಲ್ಲ ಕೆಸರು, ಮೊಣಕೈ ತರಚಿತ್ತು. ಗಾಡಿಗೆ ಸ್ಟ್ಯಾಂಡು ಹಾಕಿ, ಯಾರ ಮುಖವನ್ನೂ ನೋಡದೆ ನೇರ ಬಚ್ಚಲಿಗೆ ಹೋಗಿ ಕಾಲು ತೊಳೆಯತೊಡಗಿದರು.

ರೇಷ್ಮೆ ಹುಳು ಎರಡನೇ ಜ್ವರ ಬಿಟ್ಟು, ಪೊರೆ ಕಳಚಿ ಎದ್ದಿದ್ದ ದಿನಗಳವು. ಹೊತ್ತುಹೊತ್ತಿಗೆ ಸೊಪ್ಪು ಬೀಳದಿದ್ದರೆ ಇಡೀ ಬೆಳೆಯೇ ಸೊರಗುತ್ತದೆ. ಹೆಂಡತಿ ಗಿರಿಜಾಂಬ ಹುಳುಮನೆಯಿಂದ ಹೊರಗೆ ಬಂದವರು ಹೊರೆಯನ್ನೂ ಗಂಡನನ್ನೂ ಒಮ್ಮೆಗೇ ನೋಡಿದರು.

"ಮಿಕ್ಕಿದ್ ಸೊಪ್ಪೆಲ್ಲಿ?"

"ಕಾಲುವೆ ಪಾಲಾಯ್ತು."

"ನೀವೂ ಬಿದ್ರಾ?"

"ಬೀಳ್ನಿಲ್ಲ. ಗಾಡಿ ಒರಗ್ತು. ಆ ಲೈಟೈತಲ್ಲ, ಅದು ಲೈಟಾ? ಮಿಣುಕು ಹುಳಾನೇ ವಾಸಿ. ಮುಂದ್ಗಡೆ ಹಳ್ಳ ಐತಾ, ದಿಣ್ಣೆ ಐತಾ, ಒಂದೂ ತಿಳಿಯಾಕಿಲ್ಲ."

"ಅರವತ್ನಾಕು ವರ್ಷಾಯ್ತು. ಇನ್ನಾ ಗಾಡಿ ಗಾಡಿ ಅಂತೀರಲ್ಲ, ಮಾರಿ ಬಿಸಾಕಿ ಅತ್ಲಾಗೆ!"

ಮಗ ರುದ್ರೇಶ ಬಿಡದಿಯ ಫ್ಯಾಕ್ಟರಿಯ ಮೊದಲ ಪಾಳಿ ಮುಗಿಸಿ ಬಂದು ಜಗುಲಿಯ ಮೇಲೆ ಶೂ ಬಿಚ್ಚುತ್ತ ಕುಳಿತಿದ್ದ. "ಅಪ್ಪಾಜಿ, ಹೋದ್ ತಿಂಗ್ಳು ತಾನೇ ಹೊಸ ಬಲ್ಬ್ ಹಾಕ್ಸಿದ್ನಲ್ಲ. ಲೈಟ್ ಸರಿಯಾಗೇ ಐತೆ" ಎಂದ.

"ಹಂಗಾರೆ ನಾನು ಸುಳ್ಳು ಹೇಳ್ತಿದೀನಾ?"

ಬೈರಾಪಟ್ಟಣದ ಅಂಚಿನಲ್ಲಿದ್ದ ಆ ಮನೆಯಲ್ಲಿ ಮಾತು ಜೋರಾದಾಗಲೆಲ್ಲ ಸೊಸೆ ರೇವಮ್ಮ ಸುಮ್ಮನಿದ್ದು ಕೈಕೆಲಸ ಮಾಡುವವಳು. ಅಂದು ಮಾತ್ರ ಸೊಪ್ಪಿನ ಹೊರೆ ಇಳಿಸುತ್ತಿದ್ದವಳು ಗಾಡಿಯ ಕೀಲಿ ತಿರುಗಿಸಿ, ಒದ್ದು ಸ್ಟಾರ್ಟ್ ಮಾಡಿ, ದೀಪದ ಮುಂದೆ ಅಂಗೈ ಹಿಡಿದು ನೋಡಿದಳು. ಆಕ್ಸಿಲರೇಟರ್ ತಿರುಗಿಸಿದರೆ ದೀಪ ಹೊಳೆಯುತ್ತಿತ್ತು, ಬಿಟ್ಟರೆ ಕೆಂಪಗೆ ಕುಗ್ಗುತ್ತಿತ್ತು.

"ಮಾವ ಹೇಳ್ತಿರೋದು ಸರಿ" ಎಂದಳು. "ಬಲ್ಬಿನ ತಪ್ಪಲ್ಲ. ಈ ಹಳೇ ಗಾಡೀಲಿ ದೀಪಕ್ಕೆ ಕರೆಂಟು ಬರೋದು ಇಂಜಿನ್ನಿಂದ, ಬ್ಯಾಟರಿಯಿಂದಲ್ಲ. ಹಳ್ಳ ಬಂತು ಅಂತ ನಿಧಾನ ಮಾಡಿದ್ರೆ ದೀಪಾನೂ ಕಮ್ಮಿ ಆಯ್ತದೆ. ಬೇಕಾದ ಜಾಗದಲ್ಲೇ ಬೆಳಕಿರಲ್ಲ."

ಬಸವಲಿಂಗಯ್ಯ ಬಚ್ಚಲಿಂದ ತಲೆ ಹೊರಗೆ ಹಾಕಿದರು. "ಕೇಳಿಸ್ಕೊಂಡ್ಯೇನ್ಲಾ ರುದ್ರ? ಸೊಸೆ ಬಾಯಲ್ಲಿ ನ್ಯಾಯ ಬಂತು ನೋಡು! ಸರಿ ಮಾಡ್ತೀಯೇನವ್ವ?"

"ಮಾಡ್ತೀನಿ ಮಾವ."

ರೇವಮ್ಮ ರಾಮನಗರದಲ್ಲಿ ಐಟಿಐ ಓದಿ, ಮದುವೆಗೆ ಮುಂಚೆ ಐದು ವರ್ಷ ಬಿಡದಿಯಲ್ಲಿ ಕಾರಿನ ವೈರುಗಳ ಜಡೆ ಹೆಣೆಯುವ ಕಂಪನಿಯಲ್ಲಿ ದುಡಿದವಳು. ಮುತ್ತಜ್ಜಿಯ ಹೆಸರಿಟ್ಟುಕೊಂಡ ಅವಳನ್ನು ಅಲ್ಲಿ ಎಲ್ಲರೂ ರೇವಾ ಎನ್ನುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಹುಳುಮನೆಗೆ ಒಂದು ಜೊತೆ ಕೈ ಬೇಕೆಂದು ಅತ್ತೆ ಕೆಲಸ ಬಿಡಿಸಿದ್ದರು. ಎರಡು ವರ್ಷದಿಂದ ಅವಳ ಬೆರಳುಗಳಿಗೆ ಸೊಪ್ಪು, ಸಗಣಿ, ಸಾರಿನ ಪಾತ್ರೆಗಳೇ ಗತಿಯಾಗಿದ್ದವು.

ಎಲ್‌ಇಡಿ ಬಲ್ಬುಗಳು ಆಗಷ್ಟೇ ಚನ್ನಪಟ್ಟಣದ ಅಂಗಡಿಗಳಿಗೆ ಬಂದಿದ್ದ ಕಾಲ. ರೇವಮ್ಮ ಬೇಕಾದ ಸಾಮಾನುಗಳನ್ನೆಲ್ಲ ಬಾಯಲ್ಲಿ ಹೇಳಿ ಕಳಿಸಿದಳು. ಬಸವಲಿಂಗಯ್ಯ ಅಷ್ಟನ್ನೂ ತಂದು, ಜೊತೆಗೆ ಅಂಗಡಿಯವನು ಹೊಗಳಿದ ಬಿಳೀ ಎಲ್‌ಇಡಿಯನ್ನೂ ತಂದರು.

"ಇದು ಹಾಕಿದ್ರೆ ರಾತ್ರಿ ಹಗಲಾಯ್ತದಂತೆ ಕಣವ್ವ."

"ಇಷ್ಟು ಬೇಕಾಗಿರಲಿಲ್ಲ ಮಾವ."

"ಬೆಳಕು ಜಾಸ್ತಿ ಆಯ್ತು ಅಂತ ಯಾರಾರೂ ಅತ್ತವ್ರಾ? ಹಾಕು, ಹಾಕು."

ಭಾನುವಾರ ಹುಳುಗಳಿಗೆ ಬೆಳಗಿನ ಸೊಪ್ಪು ಹಾಕಿ, ಅವರೆಕಾಳು ಸಾರಿಗಿಟ್ಟು, ರೇವಮ್ಮ ಅಂಗಳದಲ್ಲಿ ಗೋಣಿತಾಟು ಹಾಸಿ ಕುಳಿತಳು. ದೀಪದ ಬಟ್ಟಲು ಬಿಚ್ಚಿದಳು. ತುಕ್ಕು ಹಿಡಿದ ತುದಿಗಳನ್ನು ಕತ್ತರಿಸಿದಳು. ರೆಗ್ಯುಲೇಟರ್ ಬದಲಿಸಿ, ಬ್ಯಾಟರಿಯಿಂದ ಫ್ಯೂಸು ಹಾಕಿ ದಪ್ಪ ವೈರು ಎಳೆದು, ನಡುವೆ ಸ್ವಿಚ್ಚಿನ ಭಾರ ಹೊರುವ ರಿಲೇ ಕೂರಿಸಿದಳು. ಬೆಸೆದ ಪ್ರತಿಯೊಂದು ಗಂಟಿಗೂ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಬಿಸಿ ಮಾಡಿ ಬಿಗಿ ಮಾಡಿದಳು. ಬಸವಲಿಂಗಯ್ಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದ ಸ್ಪ್ಯಾನರ್ ಕೊಡುತ್ತಿದ್ದರು. ಹತ್ತನೇ ನಂಬರಿನದು ಕೇಳಿದರೆ ಹನ್ನೆರಡರದು ಕೊಡುತ್ತಿದ್ದರು. ಅವಳು ಏನೂ ಅನ್ನದೆ ತಾನೇ ಬದಲಿಸಿಕೊಳ್ಳುತ್ತಿದ್ದಳು. ನಂಬರು ಸಣ್ಣದಾಗಿದೆ, ವಯಸ್ಸಾದವರು ಎಂದುಕೊಂಡಳು.

"ಸಾರು ತಳ ಹತ್ತತೈತೆ!" ಒಳಗಿನಿಂದ ಗಿರಿಜಾಂಬ ಕೂಗಿದರು. "ಮಾವ ಸೊಸೆ ಇಬ್ರೂ ಗ್ಯಾರೇಜ್ ಇಟ್ಕಳಿ. ಮುದ್ದೆ ತೊಳಸಾಕೆ ನಾನಿದ್ದೀನಲ್ಲ, ಬಿಟ್ಟಿ ಆಳು!"

"ಒಂದಿನ ತೊಳ್ಸಿದ್ರೆ ತೋಳೇನ್ ಬಿದ್ದೋಗಕಿಲ್ಲ ಬುಡು" ಎಂದರು ಬಸವಲಿಂಗಯ್ಯ.

ಹೊತ್ತು ಮುಳುಗಿದ ಮೇಲೆ ರೇವಮ್ಮ ಸ್ವಿಚ್ ಒತ್ತಿದಳು. ಬೀದಿಗೆ ಬೀದಿಯೇ ಬೆಳ್ಳಗಾಯಿತು. ಎದುರು ಮನೆಯ ರಾಮಲಿಂಗಯ್ಯ ಕಣ್ಣಿಗೆ ಕೈ ಅಡ್ಡ ಹಿಡಿದು, "ಏನಯ್ಯಾ ಬಸವಲಿಂಗ, ಸಿನಿಮಾ ಶೂಟಿಂಗಾ?" ಎಂದು ಕೂಗಿದ. ಬಸವಲಿಂಗಯ್ಯ ಹೆಮ್ಮೆಯಿಂದ, "ನಮ್ ಸೊಸೆ ಮಾಡಿದ್ದು ಕಣಯ್ಯ! ಮೆಕ್ಯಾನಿಕ್ಕಲ್ಲ, ನಮ್ ಸೊಸೆ!" ಎಂದು ಬೀದಿಯ ಉದ್ದಕ್ಕೂ ಕೇಳುವಂತೆ ಹೇಳಿದರು. ರೇವಮ್ಮ ತಲೆ ತಗ್ಗಿಸಿಕೊಂಡು ಸ್ಪ್ಯಾನರುಗಳನ್ನು ಒರೆಸಿದಳು. ಎದೆ ತುಂಬಿ ಬಂದಿತ್ತು. ಬೆಳಕು ರಸ್ತೆಯ ಮೇಲೆ ಬೀಳುವುದಕ್ಕಿಂತ ಹೆಚ್ಚಾಗಿ ರಾಮಲಿಂಗಯ್ಯನ ತೆಂಗಿನ ಗರಿಗಳ ಮೇಲೆ ಬೀಳುತ್ತಿದೆ ಎಂಬುದು ಕಣ್ಣಿಗೆ ಬಿದ್ದಿತ್ತು. ನಾಳೆ ನೋಡೋಣ ಎಂದುಕೊಂಡಳು. ನಾಳೆ ಹುಳುಗಳ ಹಾಸಿಗೆ ಬದಲಿಸುವ ದಿನವಾಗಿತ್ತು, ನಾಡಿದ್ದು ಇನ್ನೇನೋ.

ಬಸವಲಿಂಗಯ್ಯನಿಗೆ ಮಾತ್ರ ಹಿಗ್ಗೋ ಹಿಗ್ಗು. ದಿನಾ ಸಂಜೆ ಸೊಪ್ಪಿನ ಹೊರೆ ಪೂರ್ತಿಯಾಗಿ ಬಂತು. "ರಸ್ತೆ ಬೆಳ್ದಿಂಗ್ಳಂಗೆ ಕಾಣ್ತದೆ ಕಣೇ" ಎಂದು ಹೆಂಡತಿಗೆ ಹೇಳಿದರು. ಗಿರಿಜಾಂಬ ಕೂಡ ಸೊಸೆಯ ತಟ್ಟೆಗೆ ಒಂದು ಚಮಚ ತುಪ್ಪ ಹೆಚ್ಚಿಗೆ ಹಾಕಿದರು. ಹಾಕಿ, ಹಾಕಿಲ್ಲವೆಂಬಂತೆ ಆ ಕಡೆ ತಿರುಗಿಕೊಂಡರು.

ಮುಂದಿನ ವಾರ ಡೈರಿಗೆ ಹಾಲು ಹಾಕಲು ಹೋದಾಗ ರೇವಮ್ಮನ ಕಿವಿಗೆ ಆ ಸುದ್ದಿ ಬಿತ್ತು. ಸಾಲಿನಲ್ಲಿ ಮುಂದೆ ನಿಂತಿದ್ದ ಅಂಕಮ್ಮ ಯಾರಿಗೋ ಹೇಳುತ್ತಿದ್ದಳು. "ಪಕ್ಕದೂರ ಜಹೀದಾ ಇಲ್ವಾ, ಬೊಂಬೆ ಕೆಲ್ಸಕ್ಕೆ ಹೋಗೋಳು? ಮಂಗಳವಾರ ಸಂಜೆ ಮೊಪೆಡ್ಡಲ್ಲಿ ಬತ್ತಾ ಕಾಲುವೆಗೆ ಬಿದ್ಲಂತೆ. ಬಲಗೈ ಮುರ್ದೈತೆ. ಎದುರಿಗೆ ಯಾವುದೋ ಗಾಡಿ, ಬಿಳೀ ಲೈಟು. ಕಣ್ಣಿಗೆ ಹೊಡೀತಂತೆ, ರಸ್ತೆ ಯಾವ್ದು ಕಾಲುವೆ ಯಾವ್ದು ತಿಳೀನಿಲ್ವಂತೆ. ಆ ಪುಣ್ಯಾತ್ಮ ತಿರುಗೂ ನೋಡ್ನಿಲ್ಲ. ಹಿಂದ್ಗಡೆ ಸೊಪ್ಪಿನ್ ಹೊರೆ ಇತ್ತಂತೆ."

ಹೇಳಿದ ಮೇಲೆ ಅಂಕಮ್ಮ ಹಿಂದೆ ತಿರುಗಿ ರೇವಮ್ಮನನ್ನು ನೋಡಿದಳು. ತಟ್ಟನೆ ಬೇರೆ ಮಾತು ತೆಗೆದಳು.

ರೇವಮ್ಮ ಬಿರಬಿರನೆ ಮನೆಗೆ ಬಂದಳು. ಎರಡನೇ ಪಾಳಿಗೆ ಹೊರಡುತ್ತಿದ್ದ ಗಂಡನಿಗೆ ಹೇಳಿದಳು. ರುದ್ರೇಶ ಬುತ್ತಿಯ ಮುಚ್ಚಳ ಹಾಕಿ ಒತ್ತಿದ.

"ಅವ್ರು ನಮ್ ಹೆಸ್ರು ಹೇಳಿದ್ರಾ?"

"ಇಲ್ಲ."

"ಮತ್ತೆ ನೀನ್ಯಾಕೆ ಹೇಳಕ್ಕೋಗ್ತೀಯ? ಸೊಪ್ಪು ಹೊತ್ಕೊಂಡು ಓಡಾಡೋ ಗಾಡಿ ನಮ್ದೊಂದೇನಾ? ಸುಮ್ನಿರು. ಪೊಲೀಸು ಗಿಲೀಸು ಅಂತ ಆದ್ರೆ ಅಪ್ಪಾಜಿ ಅಲೆದಾಡ್ಬೇಕಾಯ್ತದೆ ಈ ವಯಸ್ಸಲ್ಲಿ."

"ಆಯಮ್ಮನ ಕೈ ಮುರ್ದೈತೆ ರೀ."

"ನನಗೆ ಬಸ್ ಹೊತ್ತಾಯ್ತು" ಎಂದು ಅವನು ಹೊರಟುಹೋದ. ಆದರೆ ಗೇಟಿನ ಹತ್ತಿರ ನಿಂತು ಬೈಕನ್ನು ಒಂದು ಸಲ ನೋಡಿಯೇ ಹೋದ.

ರಾತ್ರಿ ಊಟಕ್ಕೆ ಮುದ್ದೆ, ಬಸ್ಸಾರು. ಬಸವಲಿಂಗಯ್ಯ ಎರಡು ತುತ್ತು ನುಂಗಿದ್ದರು. ರೇವಮ್ಮ ಸಾರಿನ ಸೌಟು ಕೆಳಗಿಟ್ಟಳು.

"ಮಾವ, ಮಂಗಳವಾರ ಸಂಜೆ ಕಾಲುವೆ ರಸ್ತೇಲಿ ನಿಮ್ಗೆ ಯಾರಾದ್ರೂ ಎದುರಿಗೆ ಸಿಕ್ಕಿದ್ರಾ?"

"ಮಂಗಳವಾರವಾ? ಇಲ್ವಲ್ಲ. ಖಾಲಿ ರಸ್ತೆ. ಯಾಕವ್ವ?"

ಅವಳು ಕೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಕೊನೆಗೆ, "ಬೆಳಕು ಮೇಲಕ್ಕೆ ಹೋಗ್ತಾ ಇತ್ತು. ನಂಗೆ ಅವತ್ತೇ ಗೊತ್ತಿತ್ತು. ಇಳಿಸ್ಬೇಕಿತ್ತು, ಇಳಿಸ್ಲಿಲ್ಲ" ಎಂದಳು.

ಗಿರಿಜಾಂಬ ಎದ್ದು ನಿಂತೇಬಿಟ್ಟರು. "ಊಟಕ್ಕೆ ಕೂತಿರೋರ್ ಮುಂದೆ ಆಡೋ ಮಾತೇನೇ ಇದು? ಯಾರೋ ಎಲ್ಲೋ ಬಿದ್ರೆ ನಮ್ ಮೇಲ್ಯಾಕೆ ಎಳ್ಕತೀಯ? ಮಾಡ್ದೋಳು ನೀನು, ಈಗ ಮಾವನ ತಲೆಗೆ ಕಟ್ತೀಯಾ?"

"ಕಟ್ತಿಲ್ಲ ಅತ್ತೆ. ಇಬ್ರದ್ದೂ ಅಂತಿದೀನಿ."

"ಕೂತ್ಕ ಗಿರಿಜಾ" ಎಂದರು ಬಸವಲಿಂಗಯ್ಯ. ದನಿ ಏರಲಿಲ್ಲ. ತಟ್ಟೆಯಲ್ಲಿದ್ದ ಮುದ್ದೆಯನ್ನು ನಿಧಾನವಾಗಿ ಪೂರ್ತಿ ಉಂಡರು. ಕೈ ತೊಳೆದು ಬಂದು, "ನಾನ್ಯಾರನ್ನೂ ನೋಡ್ನಿಲ್ಲ. ಆದ್ರೂ ಕೇಳ್ಬೇಕು. ಬೆಳಿಗ್ಗೆ ನೀನೂ ಬಾರವ್ವ, ಇಬ್ರೂ ಹೋಗವಾ" ಎಂದರು.

ಬೆಳಿಗ್ಗೆ ಅವರು ಬೈಕು ಮುಟ್ಟಲಿಲ್ಲ. ಮಾವ ಸೊಸೆ ನಡೆದೇ ಹೊರಟರು. ಜಹೀದಾಳದು ಹೆಂಚಿನ ಸಣ್ಣ ಮನೆ. ಗಂಡ ಲಾರಿಯಲ್ಲಿ ಊರೂರು ತಿರುಗುವವನು, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಅವಳು ಚನ್ನಪಟ್ಟಣದ ಒಂದು ಬೊಂಬೆ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಕೂತು ಮರ ಕಡೆದು, ಅರಗಿನ ಬಣ್ಣ ಹಚ್ಚುವವಳು. ಬಾಗಿಲಲ್ಲಿ ಕೂತು ಎಡಗೈಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಲಗೈ ಮೊಣಕೈವರೆಗೆ ಪ್ಲಾಸ್ಟರು, ಗಲ್ಲದ ಮೇಲೆ ಮುಳ್ಳು ಗೀಚಿದ ಗಾಯ.

ಬಸವಲಿಂಗಯ್ಯ ಅಂಗಳದಲ್ಲೇ ನಿಂತರು. "ನಾನು ಬೈರಾಪಟ್ಟಣದ ಬಸವಲಿಂಗಯ್ಯ. ಮಂಗಳವಾರ ಸೊಪ್ಪು ಹೊತ್ಕೊಂಡು ಕಾಲುವೆ ರಸ್ತೇಲಿ ಬಂದೋನು ನಾನೇ ಕಣಮ್ಮ. ಬಿಳೀ ಲೈಟು ನಂದೇ."

ಜಹೀದಾ ಮೊರ ಕೆಳಗಿಟ್ಟಳು. ಅವಳಿಗೆ ಸಿಟ್ಟು ಬಂದಿತ್ತೋ ಆಶ್ಚರ್ಯವಾಗಿತ್ತೋ ಹೇಳುವುದು ಕಷ್ಟ.

"ಯಾರೂ ಬರ್ತಾರೆ ಅಂದ್ಕೊಂಡಿರ್ಲಿಲ್ಲ ಯಜಮಾನ್ರೇ" ಎಂದಳು. "ಬನ್ನಿ, ಕೂತ್ಕೊಳ್ಳಿ."

"ಲೈಟು ಕಟ್ಟಿದ್ದು ನಾನು ಅಕ್ಕ" ಎಂದಳು ರೇವಮ್ಮ.

"ನೀನಾ?" ಜಹೀದಾ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಒಳ್ಳೆ ಕಟ್ಟಿದ್ಯವ್ವ. ಸೂರ್ಯನೇ ಇಳ್ದು ಬಂದಂಗಾಯ್ತು."

ಆಸ್ಪತ್ರೆಯ ಖರ್ಚಿನ ಮಾತು ಬೇಗ ಮುಗಿಯಿತು. ರೇಷ್ಮೆಗೂಡು ಮಾರಿದ ದಿನವೇ ತಂದು ಕೊಡುತ್ತೇನೆ ಎಂದರು ಬಸವಲಿಂಗಯ್ಯ, ಅವಳು ಒಪ್ಪಿದಳು. ಅವಳ ಚಿಂತೆ ಬೇರೆಯೇ ಇತ್ತು. ಲೇತ್ ಮುಂದೆ ಕೂರಲು ಆಗದಿದ್ದರೂ ಬೊಂಬೆಗೆ ಚಕ್ರ ಕೂರಿಸುವುದು, ಪೆಟ್ಟಿಗೆಗೆ ತುಂಬುವುದು ಒಂದು ಕೈಯಲ್ಲಿ ಆಗುತ್ತದೆ, ಬಂದರೆ ಆ ಕೆಲಸ ಕೊಡುತ್ತೇನೆ ಎಂದು ಮಾಲೀಕರು ಹೇಳಿದ್ದರು. ಬರದಿದ್ದರೆ ಅವಳ ಯಂತ್ರಕ್ಕೆ ಬೇರೆಯವರು ಬಂದು ಕೂರುತ್ತಾರೆ. ಆದರೆ ಹೋಗುವುದು ಹೇಗೆ? ಬಸ್ಸು ಹಿಡಿಯಲು ಹೆದ್ದಾರಿಯವರೆಗೆ ನಡೆಯಬೇಕು. ಮೊಪೆಡ್ಡಿನ ಮುಂದಿನ ಚಕ್ರ ಸೊಟ್ಟಗಾಗಿ ಗೋಡೆಗೆ ಒರಗಿತ್ತು.

"ಅಷ್ಟೇ ತಾನೇ? ನಾನ್ ಕರ್ಕಂಡೋಗಿ ಬುಡ್ತೀನಿ, ಸಂಜೆ ಕರ್ಕಂಡು ಬತ್ತೀನಿ. ಕೈ ಕೂಡ್ಕಳಗಂಟ" ಎಂದರು ಬಸವಲಿಂಗಯ್ಯ.

ಜಹೀದಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ಬೇಜಾರ್ ಮಾಡ್ಕೊಬೇಡಿ. ನಿಮ್ ಹಿಂದೆ ಕೂರಕ್ಕೆ ನಂಗೆ ಭಯ" ಎಂದಳು.

"ಯಾಕಮ್ಮ? ಲೈಟು ಬದ್ಲಾಯಿಸ್ತೀವಿ."

"ಲೈಟಿಂದಲ್ಲ. ನನ್ ಕಣ್ಣಿಗೆ ಬೆಳಕು ಹೊಡೀತು, ನಂಗೆ ನೀವು ಕಾಣಲಿಲ್ಲ. ಸರಿ. ಆದ್ರೆ ನನ್ ಮೈಮೇಲೆಲ್ಲ ನಿಮ್ ಬೆಳಕೇ ಇತ್ತಲ್ಲ. ಕೆಂಪು ಸೀರೆ ಉಟ್ಟಿದ್ದೆ. ಕೂಗ್ದೆ. ಎರಡು ಮಾರು ದೂರದಲ್ಲಿ ಹೋದ್ರಿ. ಬೇಕಂತ ನೋಡ್ದೇ ಹೋದ್ರು ಅಂತ ನಾನು ನಿಮ್ಗೆ ಶಾಪ ಹಾಕ್ತಿದ್ದೆ. ಈಗ ನೀವೇ ಹುಡ್ಕೊಂಡು ಬಂದು, ಯಾರನ್ನೂ ನೋಡ್ನಿಲ್ಲ ಅಂತೀರಿ. ಮತ್ತೆ ನಿಮ್ಗೆ ಏನ್ ಕಾಣ್ತದೆ ಯಜಮಾನ್ರೇ?"

ರೇವಮ್ಮನಿಗೆ ಹತ್ತು, ಹನ್ನೆರಡರ ಸ್ಪ್ಯಾನರು ಫಕ್ಕನೆ ನೆನಪಾದವು.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಒಂದು ಹೊಂಗೆ ಮರದ ನೆರಳಲ್ಲಿ ಬಸವಲಿಂಗಯ್ಯ ನಿಂತರು. ಒಂದು ಕಣ್ಣು ಮುಚ್ಚಿ ಮೇಲೆ ನೋಡಿದರು, ಆಮೇಲೆ ಇನ್ನೊಂದು ಮುಚ್ಚಿ ನೋಡಿದರು.

"ರೇವಾ, ಆ ಕರೆಂಟ್ ಕಂಬದಾಗೆ ಎಷ್ಟು ತಂತಿ ಅವೆ?"

"ನಾಲ್ಕು ಮಾವ."

"ನಂಗೆ ಬಿಳೀ ಬಟ್ಟೆ ಒಣಗಾಕ್ದಂಗೆ ಕಾಣ್ತದೆ." ಕೊರಳ ವಸ್ತ್ರದಿಂದ ಮುಖ ಒರೆಸಿಕೊಂಡರು. "ಒಂದು ವರ್ಷಾಯ್ತು ಕಣವ್ವ. ಮೊದ್ಲು ಎಡಗಣ್ಣು, ಆಮೇಲೆ ಬಲಗಣ್ಣು. ಲೈಟು ಮಂಕು ಅಂತ ನಾನು ಸುಳ್ಳು ಹೇಳ್ನಿಲ್ಲ. ಹಂಗೇ ನಂಬ್ಕಂಡಿದ್ದೆ. ನಂಬಾಕೆ ಅದೇ ಸಲೀಸಾಗಿತ್ತು."

ಇದನ್ನು ಮನೆಯಲ್ಲಿ ಹೇಳಬೇಡ ಎನ್ನುತ್ತಾರೇನೋ ಎಂದು ರೇವಮ್ಮ ಕಾದಳು. ಅವರು ಹಾಗೆ ಹೇಳಲಿಲ್ಲ. ಮನೆಗೆ ಬಂದವರೇ ಜಗುಲಿಯ ಮೇಲೆ ಕೂತು, ಹೆಂಡತಿಯನ್ನು ಕರೆದು, ಮಲಗಿದ್ದ ಮಗನನ್ನು ಎಬ್ಬಿಸಿ, ಇಬ್ಬರ ಮುಂದೆಯೂ ತಾವೇ ಹೇಳಿದರು. ಆ ಹೆಣ್ಣುಮಗಳು ಬಿದ್ದದ್ದು ನನ್ನಿಂದ. ನನಗೆ ಕಣ್ಣು ಕಾಣುವುದಿಲ್ಲ. ಇನ್ನು ಕಣ್ಣು ಸರಿಯಾಗುವತನಕ ಗಾಡಿ ಮುಟ್ಟುವುದಿಲ್ಲ. ಇಷ್ಟೇ. ರೇವಮ್ಮ ಕಂಬಕ್ಕೆ ಒರಗಿ ನಿಂತು ಕೇಳಿದಳು. ತನ್ನ ತಂದೆಯಾಗಲಿ, ಕಂಪನಿಯ ಸೂಪರ್‌ವೈಸರಾಗಲಿ, ಯಾವ ಗಂಡಸೂ ಹೀಗೆ ಕೂತು ತನ್ನ ತಪ್ಪನ್ನು ಮನೆಮಂದಿಗೆ ಒಪ್ಪಿಸಿದ್ದನ್ನು ಅವಳು ಕಂಡಿರಲಿಲ್ಲ.

ಗಿರಿಜಾಂಬನಿಗೆ ಅಳುವೂ ಬೈಗುಳವೂ ಒಟ್ಟಿಗೇ ಬಂದವು. "ಒಂದು ವರ್ಷ! ಒಂದೇ ಸೂರಿನಡಿ ಇದ್ಕಂಡು ನಂಗೊಂದ್ ಮಾತು ಹೇಳ್ನಿಲ್ವಲ್ಲ!"

"ಹೇಳಿದ್ರೆ ಗಾಡಿ ಕಿತ್ಕತಿದ್ದೆ."

"ಕಿತ್ಕತಿದ್ದೆ! ಕಿತ್ಕಂಡಿದ್ರೆ ಅವಳ ಕೈ ನೆಟ್ಟಗಿರ್ತಿತ್ತು!"

"ಹೂಂ" ಎಂದರು ಬಸವಲಿಂಗಯ್ಯ. "ಇರ್ತಿತ್ತು."

ಆ ಮಾತಿಗೆ ಗಿರಿಜಾಂಬನ ಸಿಟ್ಟು ನಿಂತಲ್ಲೇ ಕರಗಿತು. ಉಳಿದದ್ದು ಬೇರೆ ಪ್ರಶ್ನೆ. ಸೊಪ್ಪು ತರುವವರು ಯಾರು, ಜಹೀದಾಳನ್ನು ಕರೆದುಕೊಂಡು ಹೋಗುವವರು ಯಾರು? ರುದ್ರೇಶನ ಪಾಳಿ ವಾರವಾರ ಬದಲಾಗುತ್ತಿತ್ತು.

"ನಾನು ಹೋಯ್ತೀನಿ" ಎಂದಳು ರೇವಮ್ಮ.

"ನೀನಾ? ಗೇರ್ ಗಾಡೀಲಿ? ಹೆಂಗ್ಸು?" ಗಿರಿಜಾಂಬ ಸೊಂಟದ ಮೇಲೆ ಕೈಯಿಟ್ಟರು. "ಊರ್ ಜನ ಏನಂದಾರು?"

"ಅವ್ಳಿಗೆ ಬತ್ತದೆ ಅವ್ವ" ಎಂದ ರುದ್ರೇಶ, ಯಾರೂ ನಿರೀಕ್ಷಿಸದಂತೆ. "ಐಟಿಐಗೆ ಅವ್ರಪ್ಪನ್ ಗಾಡೀಲೇ ಹೋಯ್ತಿದ್ದಿದ್ದು. ನಂಗಿಂತ ಚೆನ್ನಾಗಿ ಓಡಿಸ್ತಾಳೆ." ಹೆಂಡತಿಯ ಕಡೆ ನೋಡಿ ದನಿ ತಗ್ಗಿಸಿ, "ಅವತ್ತು ಸುಮ್ನಿರು ಅಂದ್ನಲ್ಲ, ತಪ್ಪಾಯ್ತು" ಎಂದ.

"ನೀನು ಸುಮ್ನಿರ್ಲಾ. ಜನ ಏನಂತಾರೆ ಅಂತ ಕೇಳಿದ್ದು ನಾನು" ಎಂದರು ಗಿರಿಜಾಂಬ.

"ಜನ ಬಂದು ಜಹೀದಾನ ಕೆಲ್ಸಕ್ಕೆ ಬುಟ್ಟು ಬತ್ತಾರಾ ಗಿರಿಜಾ?" ಎಂದರು ಬಸವಲಿಂಗಯ್ಯ. ಮಾತು ಅಲ್ಲಿಗೆ ಮುಗಿಯಿತು.

ಅಂದೇ ಮಧ್ಯಾಹ್ನ ರೇವಮ್ಮ ಮತ್ತೆ ಗೋಣಿತಾಟು ಹಾಸಿದಳು. ಬಿಳೀ ಎಲ್‌ಇಡಿ ಕಿತ್ತಿಟ್ಟಳು. ದೀಪದ ಹಳೆಯ ಬಟ್ಟಲಿನ ಒಳಗಿನ ಬೆಳ್ಳಿಬಣ್ಣ ಚಕ್ಕೆ ಎದ್ದಿತ್ತು. ಅದನ್ನು ತೆಗೆದು, ಅಂಗಡಿಯಿಂದ ತರಿಸಿದ ಹೊಸ ಬಟ್ಟಲು, ಹೊಸ ಗಾಜು ಹಾಕಿ, ಮೊದಲಿನಂಥ ಹಳದಿ ಬಲ್ಬನ್ನೇ ಕೂರಿಸಿದಳು. ತಾನು ಎಳೆದಿದ್ದ ವೈರು, ರಿಲೇ ಹಾಗೇ ಇದ್ದವು. ಈಗ ಗಾಡಿ ನಿಂತರೂ ನಿಧಾನವಾದರೂ ದೀಪ ಕುಗ್ಗುವುದಿಲ್ಲ. ಉಳಿದದ್ದು ಅದರ ನೋಟವನ್ನು ನೆಲಕ್ಕೆ ಇಳಿಸುವ ಕೆಲಸ. ಗೋಡೆಯ ಮೇಲೆ ಇದ್ದಿಲಿನಿಂದ ದೀಪದ ಎತ್ತರಕ್ಕೆ ಒಂದು ಗೆರೆ, ಅದರ ಕೆಳಗೆ ಇನ್ನೊಂದು ಗೆರೆ ಎಳೆದಳು.

"ಸುಣ್ಣ ಹೊಡ್ದಿರೋ ಗೋಡೆ ಕಣೇ!" ಗಿರಿಜಾಂಬ ಹೌಹಾರಿದರು.

"ಇದಕ್ಕಿಂತ ಮೇಲೆ ಬೆಳಕು ಹೋಗ್ಬಾರ್ದು ಅತ್ತೆ. ಹೋದ್ರೆ ಎದುರಿಗೆ ಬರೋರ ಕಣ್ಣಿಗೆ ಬೀಳ್ತದೆ."

ಕತ್ತಲಾಗುತ್ತಿದ್ದಂತೆ ಗಾಡಿಯನ್ನು ಗೋಡೆಯಿಂದ ದೂರಕ್ಕೆ ತಳ್ಳಿ, ಮಾವನನ್ನು ಸೀಟಿನ ಮೇಲೆ ಭಾರಕ್ಕೆ ಕೂರಿಸಿ, ಬೆಳಕನ್ನು ಗೆರೆಗೆ ಹೊಂದಿಸಿದಳು. ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ಗೋಡೆಗೆ ಕಣ್ಣಿಲ್ಲ. ಯಾರಾದರೂ ಎದುರಿಗೆ ನಿಂತು ಹೇಳಬೇಕು. ಮಾವನ ಕಣ್ಣು ಸಾಕ್ಷಿಗೆ ಬರುವಂತಿರಲಿಲ್ಲ.

"ಅತ್ತೆ, ಒಸಿ ಬೀದಿ ಕೊನೇಲಿ ಕೂತ್ಕತೀರಾ?"

"ನಾನಾ? ಬೀದೀಲಾ?"

"ಮೊಪೆಡ್ ಮೇಲೆ ಕೂತ್ರೆ ಎಷ್ಟೆತ್ತರ ಇರ್ತಾರೋ ಅಷ್ಟೆತ್ತರಕ್ಕೆ."

ಗಿರಿಜಾಂಬ ಗೊಣಗಿಕೊಂಡೇ ಹೋದರು. ಕುಕ್ಕೆಯೊಂದನ್ನು ಬೋರಲು ಹಾಕಿ, ಸೀರೆ ಒತ್ತರಿಸಿಕೊಂಡು, ಮೊಪೆಡ್ ಹಿಡಿದವರಂತೆ ಎರಡೂ ಕೈ ಮುಂದಕ್ಕೆ ಚಾಚಿ ಕೂತರು. ರಾಮಲಿಂಗಯ್ಯ ಜಗುಲಿಯಿಂದ ನಗುತ್ತಿದ್ದ. "ನಗ್ತೀಯೇನಯ್ಯ? ಬಾ, ನೀನೇ ಕೂತ್ಕ!" ಎಂದು ಅವನನ್ನು ಒಳಗೆ ಓಡಿಸಿದರು. ರೇವಮ್ಮ ಗಾಡಿ ಹತ್ತಿ ನಿಧಾನವಾಗಿ ಎದುರಿಗೆ ಬಂದಳು.

"ಚುಚ್ಚತೈತೆ! ಇಳ್ಸು!"

ನಿಲ್ಲಿಸಿ ತಿರುಪು ತಿರುಗಿಸಿ ಮತ್ತೆ ಬಂದಳು.

"ಇನ್ನೊಸಿ ಇಳ್ಸು. ಎಡಗಡೆಗೆ ಬತ್ತೈತೆ. ಅಷ್ಟು ಬೇಡ, ಈಗ ನಿಂಗೇ ದಾರಿ ಕಾಣಾಕಿಲ್ಲ!"

ಐದಾರು ಸಲ ಹೀಗೆ ಆಯಿತು. ಕೊನೆಯ ಸಲ ಗಿರಿಜಾಂಬ ಏನೂ ಹೇಳದೆ ಕೂತೇ ಇದ್ದರು. ರೇವಮ್ಮ ಹತ್ತಿರ ಬಂದು ಗಾಡಿ ನಿಲ್ಲಿಸಿ, "ಏನಾಯ್ತು ಅತ್ತೆ?" ಎಂದಳು.

"ಈಗ ನಿನ್ ಮುಖ ಕಾಣ್ತು ಕಣೇ" ಎಂದರು ಗಿರಿಜಾಂಬ. "ಇಷ್ಟೊತ್ತೂ ಬರೀ ಲೈಟು ಬತ್ತಿತ್ತು. ಈಗ ನೀನು ಬಂದೆ."

ಮಾರನೆಯ ದಿನದಿಂದ ಆ ಮನೆಯ ದಿನಚರಿಯೇ ಬದಲಾಯಿತು. ರೇವಮ್ಮ ಹುಳುಗಳಿಗೆ ಸೊಪ್ಪು ಹಾಕಿ, ಜಹೀದಾಳನ್ನು ಚನ್ನಪಟ್ಟಣಕ್ಕೆ ಬಿಟ್ಟು, ತೋಟಕ್ಕೆ ಹೋಗಿ ಸೊಪ್ಪು ಕೊಯ್ದು ತರುವಳು. ಸಂಜೆ ಮತ್ತೆ ಚನ್ನಪಟ್ಟಣಕ್ಕೆ ಹೋಗಿ ಅವಳನ್ನು ಮನೆ ಮುಟ್ಟಿಸುವಳು. ಬಸವಲಿಂಗಯ್ಯ ಗಾಡಿಯಿಲ್ಲದೆ ಮನೆಯಲ್ಲಿ ಉಳಿದವರು ಹುಳುಮನೆಯ ಕಸ ತೆಗೆದರು, ಹಸುವಿಗೆ ನೀರು ತೋರಿಸಿದರು, ಒಂದು ದಿನ ಯಾರೂ ಹೇಳದೆಯೇ ಪಾತ್ರೆ ತೊಳೆಯಲು ಕೂತರು. ತೊಳೆದ ಪಾತ್ರೆಯಲ್ಲೆಲ್ಲ ಜಿಡ್ಡು ಉಳಿದಿತ್ತು. ಗಿರಿಜಾಂಬ ಸದ್ದಿಲ್ಲದೆ ಮತ್ತೊಮ್ಮೆ ತೊಳೆದರು.

ಊರು ಆಡಿಕೊಳ್ಳದೆ ಬಿಡಲಿಲ್ಲ. ಡೈರಿಯಲ್ಲಿ ಅಂಕಮ್ಮ, "ಏನಕ್ಕ, ನಿನ್ ಸೊಸೆ ಮೂರೊತ್ತೂ ಗಾಡಿ ಮೇಲೇ ಅವ್ಳೆ?" ಎಂದಾಗ ಗಿರಿಜಾಂಬ ಹಾಲಿನ ಕ್ಯಾನು ಕೆಳಗಿಟ್ಟು, "ಹೂಂ ಕಣೇ. ನಿನ್ ಸೊಸೆಗೂ ಕಲಿಸ್ಕೊಡು ಅಂತೀನಿ, ಕಳ್ಸು" ಎಂದರು. ಮನೆಗೆ ಬಂದು ಇದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ರೇವಮ್ಮನಿಗೆ ಗೊತ್ತಾದದ್ದು ಅಂಕಮ್ಮನ ಬಾಯಿಂದಲೇ.

ಮೊದಮೊದಲು ಹಿಂದಿನ ಸೀಟಿನಲ್ಲಿ ಜಹೀದಾ ಬಿಗಿಯಾಗಿ ಕೂರುತ್ತಿದ್ದಳು. ಎದುರಿಗೆ ಲಾರಿ ಬಂದರೆ ರೇವಮ್ಮನ ಭುಜವನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿಯುತ್ತಿದ್ದಳು. ವಾರ ಕಳೆದಂತೆ ಮಾತು ಬಂತು. ಗಿರಿಜಾಂಬ ಸೊಗಡವರೆಕಾಯಿ ಕಟ್ಟಿ ಕಳಿಸಿದರೆ ಅವಳು ಶ್ಯಾವಿಗೆ ಕೊಟ್ಟು ಕಳಿಸಿದಳು. ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರಿದವು, ಗೂಡು ಗಟ್ಟಿಯಾಗಿ ಬಂತು. ರಾಮನಗರದ ಮಾರುಕಟ್ಟೆಯಿಂದ ಬಂದ ದಿನವೇ ಬಸವಲಿಂಗಯ್ಯ ರುದ್ರೇಶನೊಂದಿಗೆ ಹೋಗಿ ಆಸ್ಪತ್ರೆಯ ಹಣ ಕೊಟ್ಟು, ಮೊಪೆಡ್ಡಿಗೆ ಹೊಸ ಚಕ್ರ ಹಾಕಿಸಿ ಬಂದರು.

ಅದಾದ ಮೇಲೆ ಅವರ ಕಣ್ಣಿನ ಪೊರೆ ತೆಗೆಸಿದರು. ಮೊದಲು ಬಲಗಣ್ಣು. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ದೊಡ್ಡಮಳೂರಿನ ಗುಡಿಯ ಕಡೆ ತಿರುಗಿ ಗಿರಿಜಾಂಬ ಎರಡೆರಡು ಸಲ ಕೈಮುಗಿದರು. ಬಸವಲಿಂಗಯ್ಯ ಮಾತ್ರ ನಕ್ಕು, "ನಂಗೆ ಹೆಡ್‌ಲೈಟ್ ಬದ್ಲಾಯಿಸ್ತಾವ್ರೆ ಅಷ್ಟೇ" ಎಂದರು. ಮೂರು ವಾರ ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿಯಲ್ಲಿ ಕೂತು, ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕಿಸಿಕೊಂಡರು. ಕನ್ನಡಕ ತೆಗೆದ ದಿನ ಗೋಡೆಯ ಹತ್ತಿರ ಹೋಗಿ ಇದ್ದಿಲಿನ ಗೆರೆಯನ್ನು ಮುಟ್ಟಿ ನೋಡಿ, "ಸೊಟ್ಟ ಎಳ್ದಿದ್ದೀಯಲ್ಲವ್ವ!" ಎಂದರು. ಮನೆಯವರೆಲ್ಲ ನಕ್ಕರು.

ಜಹೀದಾಳ ಪ್ಲಾಸ್ಟರು ಬಿಚ್ಚಿ, ಕೈ ಕಸುವಿಗೆ ಬಂದು, ಅವಳು ಮತ್ತೆ ಲೇತ್ ಮುಂದೆ ಕೂತಳು. ಬೆಳಗಿನ ಹೊತ್ತು ಮೊಪೆಡ್ಡಿನಲ್ಲೇ ಹೋಗತೊಡಗಿದಳು. ಸಂಜೆ ಮಾತ್ರ ಆಗುತ್ತಿರಲಿಲ್ಲ. ಎದುರಿಗೆ ಬೆಳಕು ಕಂಡರೆ ಸಾಕು, ಕೈ ತಾನಾಗಿಯೇ ಬ್ರೇಕು ಹಿಡಿದುಬಿಡುತ್ತಿತ್ತು. ಗಾಡಿ ಇಳಿದು ರಸ್ತೆಯ ಪಕ್ಕ ನಿಂತು, ಎದುರಿನ ವಾಹನ ಹೋದ ಮೇಲೆ ಹತ್ತುತ್ತಿದ್ದಳು. ಒಂದು ದಿನ ಬೈರಾಪಟ್ಟಣಕ್ಕೇ ಬಂದು ಜಗುಲಿಯ ಮೇಲೆ ಕೂತಳು.

"ರೇವಮ್ಮ, ನೀನು ಎದುರಿಂದ ಬಾ. ಅದೇ ರಸ್ತೇಲಿ, ಅದೇ ಹೊತ್ತಲ್ಲಿ. ನಾನು ಈ ಕಡೆಯಿಂದ ಬರ್ತೀನಿ. ನಿನ್ನ ದಾಟ್ಬುಟ್ರೆ ಯಾರನ್ನಾದ್ರೂ ದಾಟ್ತೀನಿ."

"ನಾನು ನಿನ್ ಹಿಂದೆ ಕೂತ್ಕ ಬತ್ತೀನಿ ಕಣಮ್ಮ" ಎಂದರು ಬಸವಲಿಂಗಯ್ಯ. "ಹಳ್ಳ ಬಂದ್ರೆ ಹೇಳ್ತೀನಿ. ಈಗ ಕಾಣ್ತದೆ."

"ನೀವು ನನ್ ಹಿಂದೆ ಕೂರ್ತೀರಾ? ಭಯ ಆಗಲ್ವಾ ಯಜಮಾನ್ರೇ?"

"ಆಯ್ತದೆ. ಆದ್ರೂ ಕೂತ್ಕತೀನಿ."

ಗಿರಿಜಾಂಬ, ರುದ್ರೇಶ ಇಬ್ಬರೂ ಕಾಲುವೆಯ ಏರಿಯ ಮೇಲೆ ಬಂದು ನಿಂತರು. ಬಾನಿನಲ್ಲಿ ಇನ್ನೂ ಚೂರು ಕೆಂಪಿತ್ತು, ಗದ್ದೆಯ ಮೇಲೆ ಮಂಜು ಇಳಿಯುತ್ತಿತ್ತು. ರೇವಮ್ಮ ರಸ್ತೆಯ ಆ ತುದಿಯಲ್ಲಿ ಗಾಡಿ ತಿರುಗಿಸಿ, ಸಮನಾದ ವೇಗದಲ್ಲಿ ಹೊರಟಳು. ದೂರದಲ್ಲಿ ಮೊಪೆಡ್ಡಿನ ಪುಟ್ಟ ದೀಪ ಅಲುಗುತ್ತ ಬರುತ್ತಿತ್ತು. ಒಂದು ಕಡೆ ಅದು ತಡೆದು ನಿಂತಂತಾಯಿತು. ರೇವಮ್ಮ ತಾನೂ ನಿಲ್ಲಬೇಕೆ ಎಂದು ಯೋಚಿಸಿ, ನಿಲ್ಲಲಿಲ್ಲ. ಸ್ವಲ್ಪ ಎಡಕ್ಕೆ ಸರಿದು ದಾರಿ ಬಿಟ್ಟು, ಅದೇ ವೇಗದಲ್ಲಿ ಬಂದಳು. ಪುಟ್ಟ ದೀಪ ಮತ್ತೆ ಮುಂದಕ್ಕೆ ಬಂತು.

ಇನ್ನು ನಾಲ್ಕು ಮಾರು ಇದ್ದಾಗ ರೇವಮ್ಮನಿಗೆ ಜಹೀದಾಳ ಮುಖ ಕಂಡಿತು. ತುಟಿ ಕಚ್ಚಿಕೊಂಡಿದ್ದಳು, ಕಣ್ಣು ಅಗಲವಾಗಿ ತೆರೆದಿದ್ದವು. ಅವಳ ಭುಜದ ಹಿಂದಿನಿಂದ ಬಸವಲಿಂಗಯ್ಯ ಕತ್ತು ಚಾಚಿ ರಸ್ತೆಯನ್ನೇ ನೋಡುತ್ತಿದ್ದರು. ಎರಡು ಗಾಡಿಗಳೂ ಒಂದನ್ನೊಂದು ದಾಟಿದವು. ಬ್ರೇಕಿನ ಸದ್ದು ಕೇಳಲಿಲ್ಲ.

"ನೋಡ್ದೆ ಕಣವ್ವಾ!" ಹಿಂದಿನಿಂದ ಮಾವನ ಕೂಗು ಕೇಳಿತು. "ಹಸಿರು ಸೀರೆ ಉಟ್ಟಿದ್ದೀಯ!"

ರೇವಮ್ಮ ಗಾಡಿ ನಿಲ್ಲಿಸಿ ತಿರುಗಿ ನೋಡಿದಳು. ಜಹೀದಾ ನಿಲ್ಲಿಸಿರಲಿಲ್ಲ. ಏರಿಯ ಮೇಲೆ ನಿಂತು ಕೈಬೀಸುತ್ತಿದ್ದ ಗಿರಿಜಾಂಬನನ್ನೂ ದಾಟಿ, ಹಿಂದೆ ಕೂತ ಯಜಮಾನರನ್ನು ಇಳಿಸುವ ನೆನಪೂ ಇಲ್ಲದೆ, ತನ್ನ ಊರಿನ ದಾರಿ ಹಿಡಿದು ಹೋಗುತ್ತಲೇ ಇದ್ದಳು.